ನಿದ್ದೆಯ ಖರ್ಚು ಯಾರ ಲೆಕ್ಕಕ್ಕೆ?

ಮನೆ ಕಟ್ಟಿ ಮಾರುವ ಧಣಿಗೆ ಬಡವನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದರೆ ಬಡವನು ಮೊದಲು ತನ್ನ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಈಗ ಅಂಥ ಪ್ರೀತಿ ಉಕ್ಕಿದೆ. "ವಸತಿ ಕಟ್ಟಡಗಳಿಗೆ ಶಬ್ದ ತಡೆಯುವ ನಿಯಮ ಹಾಕಬೇಡಿ. ಗೋಡೆ ದಪ್ಪವಾದರೆ ಮನೆ ತುಟ್ಟಿ, ಮನೆ ತುಟ್ಟಿಯಾದರೆ ಬಡವನಿಗೆ ಸೂರಿಲ್ಲ" ಎಂಬುದು ಅವರ ವಾದ. ಅಧಿಕಾರಿಗಳು ಹೌದು ಹೌದೆಂದು ತಲೆಯಾಡಿಸುತ್ತಾರೆ. ಅವರು ತಲೆಯಾಡಿಸಿದ್ದಕ್ಕೆ ನಮಗೆ ಆಶ್ಚರ್ಯವಿಲ್ಲ. ಆದರೆ ನಮ್ಮ ಸಂಘದವರೇ ಕೆಲವರು "ಮೊದಲು ತಲೆಯ ಮೇಲೊಂದು ಚಾವಣಿ ಆಗಲಿ ಮೇಷ್ಟ್ರೇ, ಸದ್ದುಗದ್ದಲದ ಮಾತು ಆಮೇಲೆ ನೋಡೋಣ" ಎನ್ನತೊಡಗಿದ್ದಾರೆ. ಅದಕ್ಕಾಗಿ ಇದನ್ನು ಬರೆಯಬೇಕಾಯಿತು.

ಧಣಿಗಳ ವಾದದಲ್ಲಿ ಅರ್ಧ ನಿಜವಿದೆ. ಅದನ್ನು ನಾವು ಮುಚ್ಚಿಡುವವರಲ್ಲ. ಗೋಡೆಗೆ ಇಟ್ಟಿಗೆ ಬೇಕು, ಇಟ್ಟಿಗೆಗೆ ದುಡ್ಡು ಬೇಕು. ಆದರೆ ಎಷ್ಟು ದುಡ್ಡು? ಅದನ್ನು ಕೊಡಬೇಕಾದವರು ಯಾರು? ಈ ಎರಡು ಪ್ರಶ್ನೆಗಳ ಹತ್ತಿರಕ್ಕೂ ಅವರು ಬರುವುದಿಲ್ಲ. ನಾವು ಅವೆರಡನ್ನೇ ಹಿಡಿದು ಕೇಳುತ್ತೇವೆ.

ಕಳೆದ ತಿಂಗಳು ನಾವು ಊರ ಹೊರಗಿನ ಮೂರಂತಸ್ತಿನ ಮನೆಸಾಲಿಗೆ ಹೋಗಿದ್ದೆವು. ಸರ್ಕಾರದ ಸಹಾಯಧನ ಸೇರಿಸಿ ಕಟ್ಟಿದ ಮನೆಗಳು. ಅಲ್ಲಿ ನೂಲಿನ ಗಿರಣಿಯ ನಮ್ಮ ಸದಸ್ಯರೊಬ್ಬರು ಇದ್ದಾರೆ. ಅವರದು ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಗಿರಣಿ ಬಿಟ್ಟು, ಮನೆಗೆ ಬಂದು, ಮೈಗೆ ಹತ್ತಿದ ಹತ್ತಿಯ ಧೂಳು ತೊಳೆದುಕೊಂಡು, ಎರಡು ರೊಟ್ಟಿ ತಿಂದು ಮಲಗುವ ಹೊತ್ತಿಗೆ ಒಂಬತ್ತೂವರೆ. ಆ ಹೊತ್ತಿಗೇ ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಆರಂಭವಾಗುತ್ತದೆ. ಮೇಲಿನ ಮನೆಯಲ್ಲಿ ಮಿಕ್ಸಿ. ಕೆಳಗೆ, ಅವರ ಹಾಸಿಗೆಯ ನೇರ ಕೆಳಗೆ, ಇಡೀ ಕಟ್ಟಡಕ್ಕೆ ನೀರೆತ್ತುವ ಮೋಟಾರು. ಮೊದಲು ಗೋಡೆ ಗುದ್ದಿದರು. ಆಮೇಲೆ ಕೂಗಿದರು. ಒಂದು ದಿನ ಜಗಳವು ಪೊಲೀಸ್ ಚೌಕಿಯವರೆಗೆ ಹೋಯಿತು. "ಮೇಷ್ಟ್ರೇ, ಆಯಮ್ಮ ಚಮಚ ಕೆಳಗಿಟ್ಟರೆ ನನಗೆ ಕೇಳ್ತದೆ. ನಾನು ಮಗ್ಗಲು ಬದಲಿಸಿದರೆ ಆಯಮ್ಮಗೆ ಕೇಳ್ತದೆ. ನಡುವೆ ಗೋಡೆ ಅಂತ ಒಂದು ಐತೆ ಅಂತ ಹ್ಯಾಗೆ ನಂಬೋದು?" ಎಂದು ಅವರು ಕೇಳಿದರು.

ನಾವು ಪಕ್ಕದ ಮನೆಗೂ ಹೋದೆವು. ಆಕೆ ಗಂಡನಿಲ್ಲದ ಹೆಂಗಸು. ಲಂಗ, ಬ್ಲೌಸು ಹೊಲಿದು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಆಕೆ ನಮ್ಮ ಮೇಲೆ ಸಿಟ್ಟಾಗಲಿಲ್ಲ. "ಅಣ್ಣ ರಾತ್ರಿ ದುಡೀತಾರೆ, ನಾನು ಹಗಲು ದುಡೀತೀನಿ. ಮಷೀನು ಎಲ್ಲಿಗೆ ಒಯ್ದು ಇಡ್ಲಿ, ನೀವೇ ಹೇಳಿ ಸಾರ್" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ನ್ಯಾಯವಂತರು, ಇಬ್ಬರೂ ದುಡಿಯುವವರು. ಈಗ ಇಬ್ಬರಿಗೂ ಮುಖ ಕೊಟ್ಟು ಮಾತಿಲ್ಲ. ಅವರನ್ನು ಜಗಳಕ್ಕೆ ಹಚ್ಚಿದವನು ಇಬ್ಬರ ಮನೆಯಲ್ಲೂ ಇಲ್ಲ. ಅವನು ಬಿಲ್ಲು ಪಾಸು ಮಾಡಿಸಿಕೊಂಡು ಬೇರೊಂದು ಊರಿನಲ್ಲಿ ಇಂಥವೇ ಮನೆಗಳನ್ನು ಕಟ್ಟಿಸುತ್ತಿದ್ದಾನೆ.

ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆವು. ನಾಲ್ಕಂಗುಲದ ಟೊಳ್ಳು ಬ್ಲಾಕಿನ ಗೋಡೆ. ಒಂದು ಕಡೆ ಮಾತ್ರ ಗಿಲಾವು, ಅದೂ ಉಗುರಿನಷ್ಟು. ಇನ್ನೊಂದು ಕಡೆ ಬ್ಲಾಕಿನ ಮೈಗೇ ಸುಣ್ಣ ಹೊಡೆದಿದ್ದಾರೆ. ಗೋಡೆಯ ತಲೆಗೂ ಮೇಲಿನ ತೊಲೆಗೂ ನಡುವೆ ಒಂದು ಸಂದು. ನಮ್ಮ ಜೇಬಿನಲ್ಲಿದ್ದ ಪೆನ್ಸಿಲು ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ದಾಟಿತು. ಇದು ಮನೆಯ ಗೋಡೆಯೋ, ಆಣೆಕಾಸಿನ ನಾಟಕ ಕಂಪನಿಯ ಪರದೆಯೋ!

ಆ ಗಿರಣಿ ಕಾರ್ಮಿಕರು ಹಿಂದಿನ ವಾರ ರಿಂಗ್ ಫ್ರೇಮಿನ ಮುಂದೆ ನಿಂತಲ್ಲೇ ತೂಕಡಿಸಿದರೆಂದು ಮೇಸ್ತ್ರಿ ಅವರನ್ನು ಹೊರಗೆ ಕಳುಹಿಸಿದ್ದ. ಅರ್ಧ ದಿನದ ಕೂಲಿ ಹೋಯಿತು. ಬೆರಳು ಹೋಗಲಿಲ್ಲವಲ್ಲ ಎಂದು ಅವರ ಹೆಂಡತಿ ದೇವರಿಗೆ ಕೈಮುಗಿದರು. ಈ ಅರ್ಧ ದಿನದ ಕೂಲಿ ಮನೆಯ ಬೆಲೆಯಲ್ಲಿ ಸೇರಿದ್ದಲ್ಲವೆ? ಕಂಟ್ರಾಕ್ಟರನ ಅಂದಾಜುಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಕಾಯಿದೆ ಇಲ್ಲವೆ ಎಂದು ಕೇಳುತ್ತೀರಿ. ಇದೆ. ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು 2000ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ಮಾಡಿತು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವ್ಯಾಪಾರದ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕೆಯ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಹಗಲು ಎಂದರೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು. ರಾತ್ರಿ ಎಂದರೆ ಹತ್ತರಿಂದ ಆರು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೂಡ, ಸಂವಿಧಾನದ 21ನೆಯ ವಿಧಿ ಕೊಟ್ಟಿರುವ ಬದುಕುವ ಹಕ್ಕಿನಲ್ಲಿ ಶಾಂತಿಯಿಂದ ಬದುಕುವ ಹಕ್ಕೂ ಸೇರಿದೆಯೆಂದು ತೀರ್ಪು ಕೊಟ್ಟಿದೆ.

ಓದಲು ಚೆನ್ನಾಗಿದೆ. ಆದರೆ ಕಾಯಿದೆಯ ರಾತ್ರಿ ಯಾರ ರಾತ್ರಿ, ನೋಡಿದಿರಾ? ಅದು ಕಚೇರಿ ಮುಗಿಸಿ ಊಟ ಮಾಡಿ ಹತ್ತಕ್ಕೆ ದೀಪ ಆರಿಸುವವರ ರಾತ್ರಿ. ಗಿರಣಿಯ ರಾತ್ರಿ ಪಾಳಿಯವನಿಗೆ, ಆಸ್ಪತ್ರೆಯ ಆಯಾಗೆ, ಲಾರಿ ಚಾಲಕನಿಗೆ, ನಸುಕಿನಲ್ಲಿ ಎಪಿಎಂಸಿಗೆ ಹೋಗಿ ಬಂದು ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ತರಕಾರಿ ವ್ಯಾಪಾರಿಗೆ ರಾತ್ರಿ ಬರುವುದು ಹಗಲಿನಲ್ಲಿ. ಅವರು ಮಲಗುವ ಹೊತ್ತಿಗೆ ಕಾಯಿದೆಯ ಕಾವಲುಗಾರ ಮನೆಗೆ ಹೋಗಿರುತ್ತಾನೆ. ಆಗ ಅವರನ್ನು ಕಾಯಲು ಉಳಿಯುವುದು ಗೋಡೆ ಒಂದೇ. ಬಂಗಲೆಯವರಿಗೆ ಗೋಡೆಯ ಜೊತೆಗೆ ಕಾಂಪೌಂಡಿದೆ, ತೋಟವಿದೆ, ಇನ್ನೊಂದು ಕೋಣೆಯಿದೆ. ಒಂದೇ ಕೋಣೆಯವನಿಗೆ ಇರುವುದು ಆ ಒಂದು ಗೋಡೆ. ಅವನಿಗೆ ದಪ್ಪ ಗೋಡೆ ಭೋಗವಸ್ತುವೆಂದು ಹೇಳುವವರು ಒಂದು ವಾರ ರಾತ್ರಿ ಪಾಳಿ ಮಾಡಿ ಆಮೇಲೆ ಮಾತಾಡಲಿ.

ಇಲ್ಲಿ ನಾವು ಹಳೆಯ ಅಭ್ಯಾಸದಂತೆ ಸ್ವಲ್ಪ ಪಾಠ ಮಾಡಬೇಕಾಗಿದೆ, ಓದುಗರು ಬೇಸರಿಸಬಾರದು.

ಡೆಸಿಬೆಲ್ಲಿನ ಲೆಕ್ಕ ಅಂಗಡಿಯ ತಕ್ಕಡಿಯ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ; ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಹೇಳಿತು. ತರಗತಿಯ ಕೋಣೆಗೆ 35 ಎಂದಿತು. (ಹೆದ್ದಾರಿಯ ಪಕ್ಕದ ಶಾಲೆಯಲ್ಲಿ ಗಂಟಲು ಹರಿದುಕೊಂಡು ಮಗ್ಗಿ ಹೇಳಿಸಿದ ನಮಗೆ ಆ 35 ಓದಿ ನಗು ಬಂತು.) ಇನ್ನು ಗೋಡೆ. ಗೋಡೆಯ ಗುಣವಿರುವುದು ಅದರ ತೂಕದಲ್ಲಿ. ಭಾರವಾದ ಗೋಡೆಯನ್ನು ಶಬ್ದ ಅಲುಗಿಸಲಾರದು. ತೂಕ ಎರಡು ಪಟ್ಟಾದರೆ ಐದಾರು ಡೆಸಿಬೆಲ್ ಹೆಚ್ಚು ತಡೆಯುತ್ತದೆ. ಎರಡೂ ಕಡೆ ಗಿಲಾವು ಮಾಡಿದ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ ಸುಮಾರು 45 ಡೆಸಿಬೆಲ್ ತಡೆದರೆ, ಒಂಬತ್ತು ಅಂಗುಲದ ಗೋಡೆ ಸುಮಾರು 50 ತಡೆಯುತ್ತದೆ. ಐದೇ ಎನ್ನಬೇಡಿ. ದಾಟಿ ಬರುವ ಶಬ್ದಶಕ್ತಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಕೋಟೆಯ ಕಲ್ಲಿನದೇ ಆಗಿರಲಿ, ಆ ಗೋಡೆ 20 ಡೆಸಿಬೆಲ್ಲಿಗಿಂತ ಹೆಚ್ಚು ತಡೆಯಲಾರದು. ತೂತಿನ ಕೊಡದಲ್ಲಿ ನೀರು ನಿಂತೀತೆ? ನಮ್ಮ ಪೆನ್ಸಿಲು ದಾಟಿದ ಸಂದಿನ ಅರ್ಥ ಇದು. ಶೀಟು ಹೊದಿಸಿದ ವಠಾರದ ಮನೆಗಳಲ್ಲಿ ನಡುಗೋಡೆಯು ಶೀಟಿಗೆ ಮುಟ್ಟದೆ ಅರ್ಧ ಮೊಳ ಕೆಳಗೇ ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅಲ್ಲಿ ಗಂಡ ಹೆಂಡಿರ ಮಾತು, ಮಗುವಿನ ಕೆಮ್ಮು, ಸಾಲಗಾರನ ಬೈಗುಳ ಎಲ್ಲವೂ ಗೋಡೆ ಹತ್ತಿ ಇಳಿದು ಎಂಟು ಮನೆ ಸುತ್ತಿ ಬರುತ್ತವೆ.

ಇದೆಲ್ಲ ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ. ವಸತಿ ಮುಂತಾದ ಕಟ್ಟಡಗಳಲ್ಲಿ ಶಬ್ದ ತಡೆಯುವ ಬಗೆಯನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯು 1962ರಲ್ಲೇ ಒಂದು ಸಂಹಿತೆಯನ್ನು ಪ್ರಕಟಿಸಿತು. 1970ರಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಬಂತು; 1983, 2005, 2016ರಲ್ಲಿ ಅದನ್ನು ತಿದ್ದಿದರು. ಅದರಲ್ಲಿ ಶಬ್ದಕ್ಕೇ ಒಂದು ಅಧ್ಯಾಯವಿದೆ. ಆದರೆ ಅದು ಬುದ್ಧಿವಾದದ ಪುಸ್ತಕ. ರಾಜ್ಯವೂ ನಗರಸಭೆಯೂ ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಂಡರೆ ಮಾತ್ರ ಅದು ಕಟ್ಟಳೆ. ಇಲ್ಲವಾದರೆ ಬೀರುವಿನ ಅಲಂಕಾರ. ಅರವತ್ತು ವರ್ಷ ದಾಟಿತು, ಪುಸ್ತಕ ದಪ್ಪವಾಗುತ್ತಲೇ ಇದೆ, ಗೋಡೆ ತೆಳ್ಳಗಾಗುತ್ತಲೇ ಇದೆ!

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ನಮ್ಮ ಓದುಗರಲ್ಲಿ ಗಾರೆ ಕೆಲಸದವರಿದ್ದಾರೆ, ಇಟ್ಟಿಗೆ ಸಿಮೆಂಟು ಮಾರುವವರಿದ್ದಾರೆ, ತಪ್ಪಿದ್ದರೆ ತಿದ್ದಲಿ.

ಎರಡು ಮನೆಗಳ ನಡುವಿನ ಗೋಡೆ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರ ಎಂದು ಹಿಡಿಯಿರಿ. ಅದನ್ನು ನಾಲ್ಕೂವರೆ ಅಂಗುಲದ ಬದಲು ಒಂಬತ್ತು ಅಂಗುಲ ಕಟ್ಟಬೇಕು. ಹೆಚ್ಚಿನ ಕೆಲಸ 75 ಘನ ಅಡಿ. ಇಟ್ಟಿಗೆ ಸುಮಾರು ಸಾವಿರ. ಇಟ್ಟಿಗೆಗೆ ಹತ್ತು ರೂಪಾಯಿ ಎಂದು ಧಾರಾಳವಾಗಿ ಹಿಡಿದರೂ ಹತ್ತು ಸಾವಿರ. ಗಾರೆ, ಕೂಲಿ ಎಂದು ಇನ್ನೊಂದು ಹತ್ತು ಸಾವಿರ ಸೇರಿಸೋಣ. ಒಟ್ಟು ಇಪ್ಪತ್ತು ಸಾವಿರ. ಆ ಗೋಡೆ ಎರಡು ಮನೆಯದು. ಮನೆಗೆ ಹತ್ತು ಸಾವಿರ. ಎರಡೂ ಪಕ್ಕದಲ್ಲಿ ಗೋಡೆ ಹಂಚಿಕೊಂಡ ಮನೆಗೆ ಇಪ್ಪತ್ತು ಸಾವಿರ. ಮನೆಯೊಳಗೆ ಕೆಲವು ಚದರ ಅಡಿ ಜಾಗವೂ ಹೋಗುತ್ತದೆ, ಒಪ್ಪಿದೆವು. ಮೂರಂತಸ್ತಿನ ಕಟ್ಟಡದಲ್ಲಿ ಇಂಥ ಒಂದೊಂದು ಗೋಡೆಗೆ ನಾಲ್ಕು ಟನ್ನಿನಷ್ಟು ಭಾರ ಹೆಚ್ಚಿ ತಳಪಾಯ ಗಟ್ಟಿ ಮಾಡಬೇಕಾಗುತ್ತದೆ, ಅದನ್ನೂ ಒಪ್ಪಿದೆವು.

ಈಗ ನೆಲದ ಲೆಕ್ಕ. ಇಪ್ಪತ್ತು ಮೂವತ್ತರ ನಿವೇಶನ ಎಂದರೆ 600 ಚದರ ಅಡಿ. ಚದರ ಅಡಿಗೆ ನೂರೇ ನೂರು ರೂಪಾಯಿ ಏರಿದರೆ ಅರವತ್ತು ಸಾವಿರ ಹೋಯಿತು. ಒಂದು ಇಟ್ಟಿಗೆಯೂ ಏರಲಿಲ್ಲ, ಒಬ್ಬ ಗಾರೆಯವನೂ ಬೆವರಲಿಲ್ಲ. ವರ್ತುಲ ರಸ್ತೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಒಂದೇ ವಾರದಲ್ಲಿ ನೂರಲ್ಲ, ಐನೂರು ಏರುತ್ತದೆ. ಅಂದರೆ ಸುದ್ದಿಯೊಂದರಿಂದ ಧಣಿಯ ಜೇಬಿಗೆ ಬಿದ್ದ ಹಣದಲ್ಲಿ ಹದಿನೈದು ಮನೆಗಳ ಗೋಡೆಯನ್ನು ದಪ್ಪ ಮಾಡಬಹುದು! ಆಗ ಯಾವ ಮಹಾಶಯನೂ ಬಡವನ ಮನೆ ತುಟ್ಟಿಯಾಯಿತೆಂದು ಕಣ್ಣೀರು ಹಾಕಿದ್ದನ್ನು ನಾವು ಕಂಡಿಲ್ಲ. 2017ರ ಜುಲೈಯಿಂದ 2025ರ ಸೆಪ್ಟೆಂಬರಿನವರೆಗೆ ಸಿಮೆಂಟಿಗೆ ನೂರಕ್ಕೆ 28ರಂತೆ ತೆರಿಗೆ ಹಾಕಿದರು. ಆಗಲೂ ಅಳಲಿಲ್ಲ; ಗಿರಾಕಿಯ ಮೇಲೆ ಹೊರಿಸಿದರು. ಅದನ್ನು 18ಕ್ಕೆ ಇಳಿಸಿದ ಮೇಲೆ ಎಷ್ಟು ಮನೆಗಳ ಬೆಲೆ ಇಳಿಯಿತೆಂದು ಅವರನ್ನೇ ಕೇಳಿ ನೋಡಿ.

ಅವರು ಹೇಳುವ "ಕೈಗೆಟುಕುವ ಮನೆ" ಯಾವುದೆಂದೂ ತಿಳಿದುಕೊಳ್ಳೋಣ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತಿ ಬಡವನ ಮನೆಗೆ 30 ಚದರ ಮೀಟರು, ಅಂದರೆ ಸುಮಾರು 320 ಚದರ ಅಡಿ ಎಂದು ಗೊತ್ತುಮಾಡಿದರು. ಖಾಸಗಿಯವರ ಅಥವಾ ಮಂಡಲಿಗಳ ಸಹಭಾಗಿತ್ವದಲ್ಲಿ ಕಟ್ಟಿದ ಇಂಥ ಮನೆಗೆ ಕೇಂದ್ರ ಕೊಟ್ಟದ್ದು ಒಂದೂವರೆ ಲಕ್ಷ. ಇದು ಒಂದು ಕೈ. ಇನ್ನೊಂದು ಕೈಯಲ್ಲಿ, 2019ರ ಏಪ್ರಿಲ್ ಒಂದರಿಂದ ಜಿಎಸ್‌ಟಿ ರಿಯಾಯಿತಿಗಾಗಿ "ಕೈಗೆಟುಕುವ ಮನೆ"ಯ ಬೆಲೆಯ ಮಿತಿಯನ್ನು 45 ಲಕ್ಷ ರೂಪಾಯಿ ಎಂದು ಇಟ್ಟರು. ತಿಂಗಳಿಗೆ ಹದಿನೈದು ಸಾವಿರ ಸಂಬಳದ ಗಿರಣಿ ಕಾರ್ಮಿಕ ಅನ್ನ ನೀರು ಬಿಟ್ಟು, ಹೆಂಡತಿ ಮಕ್ಕಳನ್ನು ಮಾವನ ಮನೆಗೆ ಕಳುಹಿಸಿ, ಪೈಸೆ ಪೈಸೆ ಕೂಡಿಟ್ಟರೆ 300 ತಿಂಗಳು, ಅಂದರೆ ಇಪ್ಪತ್ತೈದು ವರ್ಷಕ್ಕೆ ಅದು ಅವನ ಕೈಗೆ ಎಟುಕುತ್ತದೆ. ಆ ಕೈ ಎಷ್ಟು ಉದ್ದದ್ದಿರಬೇಕು! ಬೆಂಗಳೂರಿನ ಬಿನ್ನಿ ಮಿಲ್ಲಿನ ಯಂತ್ರಗಳು ನಿಂತ ಮೇಲೆ ಆ ನೆಲದ ಮೇಲೆ ಬಹುಮಹಡಿ ವಸತಿಗಳು ಎದ್ದವು. ಅಲ್ಲಿ ನೂಲು ತೆಗೆದವರ ಮಕ್ಕಳು ಎಷ್ಟು ಮಂದಿ ಅವುಗಳೊಳಗೆ ಮಲಗಿದ್ದಾರೆ?

ಹಾಗೆಂದು ನಿಯಮ ಎಂದ ಕೂಡಲೇ ಅದು ಬಡವನ ಪಕ್ಷದ್ದೇ ಎಂದು ಕೈಯೆತ್ತುವವರು ನಾವಲ್ಲ. ಇಲ್ಲಿ ಧಣಿಗಳ ಅರ್ಧ ನಿಜಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು.

ಗದ್ದಲ ಎರಡು ಬಗೆ. ಪಕ್ಕದ ಮನೆಯಿಂದ ಬರುವುದು ಒಂದು. ಬೀದಿಯಿಂದ ಬರುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದು ಗೋಡೆ. ಎರಡನೆಯದಕ್ಕೂ ಮನೆಯೇ ಮದ್ದಾಗಲಿ ಎಂದು ಕೆಲವು ದೇಶಗಳು ಕಟ್ಟಳೆ ಮಾಡಿವೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 1974ರಿಂದ ಇಂಥದೊಂದು ನಿಯಮವಿದೆ. ಹೊರಗಿನ ಗದ್ದಲ ದಿನದ ಲೆಕ್ಕದಲ್ಲಿ 60 ಡೆಸಿಬೆಲ್ ಮೀರಿದ ಜಾಗದಲ್ಲಿ ಹಲವು ಸಂಸಾರಗಳ ವಸತಿ ಕಟ್ಟುವವರು ತಜ್ಞರ ವರದಿ ತರಬೇಕು. ಒಳಗೆ 45 ಮೀರದಂತೆ ಕಟ್ಟಬೇಕು. ಅದಕ್ಕಾಗಿ ಕಿಟಕಿ ಮುಚ್ಚಲೇಬೇಕಾದರೆ ಗಾಳಿಗೆ ಬೇರೆ ಯಂತ್ರದ ಏರ್ಪಾಡು ಮಾಡಬೇಕು. ಒಳ್ಳೆಯದೇ. ಆದರೆ ಹೆದ್ದಾರಿಯ ಪಕ್ಕದಲ್ಲಿ, ರೈಲುಹಳಿಯ ಪಕ್ಕದಲ್ಲಿ ಮನೆ ಹುಡುಕುವವರು ಯಾರು? ನೆಲ ಅಗ್ಗವೆಂದು ಹೋದವರು. ಗದ್ದಲ ಮಾಡುವುದು ಹೆದ್ದಾರಿ, ಜೋಡಿ ಗಾಜಿನ ಕಿಟಕಿಯ ಖರ್ಚು ಬಾಡಿಗೆದಾರನಿಗೆ! ಅದೇ ಸಂಸ್ಥಾನದ ಲಾಸ್ ಏಂಜಲೀಸ್ ವಿಮಾನ ನಿಲ್ದಾಣವು ಸುತ್ತಲಿನ ಮನೆಗಳ ಬಾಗಿಲು ಕಿಟಕಿಗಳನ್ನು ತನ್ನ ಯೋಜನೆಯ ಹಣದಿಂದಲೇ ಶಬ್ದ ತಡೆಯುವಂತೆ ಬದಲಾಯಿಸಿಕೊಟ್ಟಿದೆ. ಗದ್ದಲ ಮಾಡಿದವನೇ ತೆರಬೇಕು ಎಂಬ ನ್ಯಾಯ ಅಲ್ಲಿಯೂ ತಿಳಿಯದ್ದಲ್ಲ. ರಸ್ತೆಯ ಮಾತು ಬಂದಾಗ ಮರೆತುಹೋಗುತ್ತದೆ.

ನಮ್ಮ ಬಯಲುಸೀಮೆಯ ಏಪ್ರಿಲ್ಲಿನಲ್ಲಿ ಕಿಟಕಿ ಮುಚ್ಚಿಕೊಂಡು ಮಲಗೆಂದು ಯಾವ ಪುಣ್ಯಾತ್ಮ ಹೇಳಿಯಾನು? ಮುಚ್ಚಿದರೆ ಬೇಯಬೇಕು, ತಪ್ಪಿದರೆ ಹವಾನಿಯಂತ್ರಣದ ವಿದ್ಯುತ್ ಬಿಲ್ಲು ಕಟ್ಟಬೇಕು. ತೆರೆದ ಕಿಟಕಿ ಹತ್ತು ಹದಿನೈದು ಡೆಸಿಬೆಲ್ಲಿಗಿಂತ ಹೆಚ್ಚು ತಡೆಯುವುದಿಲ್ಲ. ಹೊರಗೆ 65 ಇದ್ದರೆ ಒಳಗೆ 50. ಅಲ್ಲಿ ಗೋಡೆ ಎಷ್ಟು ದಪ್ಪವಿದ್ದರೂ ವ್ಯರ್ಥ. ಆದ್ದರಿಂದ ಬೀದಿಯ ಗದ್ದಲಕ್ಕೆ ಬಡವನ ಮನೆಯ ಮೇಲೆ ಗಾಜಿನ ನಿಯಮ ಹೇರುವುದನ್ನು ನಾವು ವಿರೋಧಿಸುತ್ತೇವೆ. ಅದನ್ನು ಹುಟ್ಟುವಲ್ಲಿಯೇ ಹಿಡಿಯಬೇಕು.

ಹಿಡಿಯಲು ಬರುತ್ತದೆ, ಹಿಡಿದು ತೋರಿಸಿದ್ದಾರೆ. ಡೀಸೆಲ್ ಜನರೇಟರಿನ ಕಥೆ ನೆನೆಯಿರಿ. ಹಿಂದೆ ಕರೆಂಟು ಹೋದರೆ ಪೇಟೆಯ ಬೀದಿ ಬೀದಿಯೂ ಗುಡುಗುತ್ತಿತ್ತು. 2005ರ ಜನವರಿ ಒಂದರಿಂದ ತಯಾರಾಗುವ ಜನರೇಟರುಗಳ ಶಬ್ದ, 1000 ಕೆವಿಎವರೆಗಿನವು, ಪೆಟ್ಟಿಗೆಯಿಂದ ಒಂದು ಮೀಟರು ದೂರದಲ್ಲಿ 75 ಡೆಸಿಬೆಲ್ ಮೀರಕೂಡದೆಂದೂ, ಶಬ್ದ ತಡೆಯುವ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲೇ ಕೂಡಿಸಿ ಕಳುಹಿಸಬೇಕೆಂದೂ ಕಟ್ಟಳೆಯಾಯಿತು. ಸಾವಿರ ಮನೆಗಳ ಕಿಟಕಿಗೆ ಗಾಜು ಹಾಕಿಸಲಿಲ್ಲ. ಒಂದು ಯಂತ್ರಕ್ಕೆ ಪೆಟ್ಟಿಗೆ ಹಾಕಿಸಿದರು. ಬಸ್ಸಿನ ಹಾರನ್ನಿಗೆ, ಸೈಲೆನ್ಸರ್ ಕಿತ್ತ ಬೈಕಿಗೆ, ಕಲ್ಯಾಣಮಂಟಪದ ಧ್ವನಿವರ್ಧಕಕ್ಕೆ, ಮನೆಸಾಲಿನ ಅಡಿಯ ಮೋಟಾರಿಗೆ ಈ ನ್ಯಾಯ ಯಾಕೆ ಸಲ್ಲದು? ಆ ಮೋಟಾರಿನ ಕೆಳಗೆ ಎರಡು ರಬ್ಬರ್ ಹಾಳೆ ಹಾಕಿ, ಅದನ್ನು ಮಲಗುವ ಕೋಣೆಯ ಅಡಿಯಿಂದ ಮೆಟ್ಟಿಲಿನ ಅಡಿಗೆ ತಳ್ಳಿದ್ದರೆ ಖರ್ಚು ಎಷ್ಟಾಗುತ್ತಿತ್ತು? ನಕ್ಷೆಯ ಮೇಲೆ ಪೆನ್ಸಿಲನ್ನು ಆರು ಅಂಗುಲ ಸರಿಸುವಷ್ಟು.

ಪಕ್ಕದ ಮನೆಯ ಗದ್ದಲಕ್ಕೆ ಮಾತ್ರ ರಿಯಾಯಿತಿ ಇಲ್ಲ. ಅಲ್ಲಿ ಕಟ್ಟುವವನೇ ಹೊಣೆ. ಇಂಗ್ಲೆಂಡಿನಲ್ಲಿ 2003ರ ಜುಲೈಯಲ್ಲಿ ನಿಯಮ ಬಿಗಿಮಾಡಿದರು. ಹೊಸ ಮನೆಗಳ ನಡುವಿನ ಗೋಡೆ ಕನಿಷ್ಠ 45 ಡೆಸಿಬೆಲ್ ತಡೆಯಬೇಕು, ಕಟ್ಟಿದ ಮೇಲೆ ಅಳೆದು ತೋರಿಸಬೇಕು ಎಂದರು. ಅಳತೆ ಬೇಡವೆಂದು ಅಲ್ಲಿನ ಧಣಿಗಳೂ ಹಟ ಹಿಡಿದರು. ಕೊನೆಗೆ ಅವರೇ ತಜ್ಞರನ್ನು ಕೂಡಿಸಿ, ಪರೀಕ್ಷೆಯಲ್ಲಿ ಗೆದ್ದ ಗೋಡೆಗಳ, ನೆಲಗಳ ಮಾದರಿ ನಕ್ಷೆಗಳನ್ನು ಸಿದ್ಧಪಡಿಸಿಕೊಂಡರು. 2004ರಿಂದ ಆ ಮಾದರಿಯಂತೆ ಕಟ್ಟಿದವರಿಗೆ ಪ್ರತಿ ಮನೆಯ ಅಳತೆಯಿಂದ ವಿನಾಯಿತಿ ಸಿಕ್ಕಿತು. ಕಟ್ಟಳೆ ಬರುವವರೆಗೆ ಅಸಾಧ್ಯವೆನ್ನುವುದು, ಬಂದ ಮೇಲೆ ಅಗ್ಗದ ದಾರಿ ತಾನೇ ಹುಡುಕುವುದು ಎಲ್ಲ ದೇಶದ ಧಣಿಗಳ ಜಾಯಮಾನ.

ನಮ್ಮ ವರ್ತಕ ಮಿತ್ರರಿಗೆ ಇಲ್ಲೊಂದು ಅಂಜಿಕೆ ಇರುವುದು ನಮಗೆ ಗೊತ್ತು. ಶಬ್ದದ ಕಾಯಿದೆ ಎಂದ ಕೂಡಲೇ ಇನ್‌ಸ್ಪೆಕ್ಟರು ಮೊದಲು ಬರುವುದು ಮೂಲೆಯ ಹಿಟ್ಟಿನ ಗಿರಣಿಗೆ, ತಗಡಿನ ಕೆಲಸದವನಿಗೆ, ವೆಲ್ಡಿಂಗ್ ಅಂಗಡಿಗೆ. ದೊಡ್ಡವರ ಬಾಗಿಲಿಗೆ ಹೋಗುವುದಿಲ್ಲ. ಪ್ರತಿಯೊಂದು ಹೊಸ ನಿಯಮವೂ ಮಾಮೂಲಿನ ಹೊಸ ಹಸು. ಇದು ಸುಳ್ಳಲ್ಲ. ಆದರೆ ಅಂಗಡಿ ಕೆಳಗೆ, ಸಂಸಾರ ಮೇಲೆ ಎಂದು ಬದುಕುವ ನಿಮ್ಮ ಮಕ್ಕಳೂ 65 ಡೆಸಿಬೆಲ್ಲಿನ ಬೀದಿಯ ಮೇಲೇ ಮಲಗುತ್ತಾರೆ. ಆದ್ದರಿಂದ ನಾವು ಕೇಳುವ ನಿಯಮಕ್ಕೆ ತಜ್ಞರ ಸರ್ಟಿಫಿಕೇಟು ಬೇಡ, ಮೊಹರು ಬೇಡ. ಮನೆಗೂ ಮನೆಗೂ ನಡುವಿನ ಗೋಡೆ ಒಂಬತ್ತು ಅಂಗುಲದ ಇಟ್ಟಿಗೆಯದು, ಇಲ್ಲವೇ ಅಷ್ಟೇ ತೂಕದ್ದು. ಎರಡೂ ಕಡೆ ಗಿಲಾವು. ತಲೆಯವರೆಗೆ ಸಂದಿಲ್ಲದೆ ಮುಚ್ಚಿದ್ದು. ಎರಡು ಮನೆಯ ಸ್ವಿಚ್ಚು ಪೆಟ್ಟಿಗೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರಬಾರದು. ಬಚ್ಚಲಿನ ಕೊಳವೆ ಪಕ್ಕದವರ ಹಾಸಿಗೆಯ ಗೋಡೆಗೆ ಅಂಟಿರಬಾರದು. ಮೋಟಾರು ಯಾರ ಹಾಸಿಗೆಯ ಅಡಿಯಲ್ಲೂ ಇರಬಾರದು. ಇಷ್ಟನ್ನು ಟೇಪು ಹಿಡಿದ ಯಾವ ಮನೆಯೊಡತಿಯೂ ನೋಡಿ ಹೇಳಬಲ್ಲಳು. ಸರ್ಕಾರದ ಸಹಾಯಧನ ಪಡೆದ ಮನೆಗಳಲ್ಲಿ ಈ ಗೋಡೆಯ ಹೆಚ್ಚಿನ ಇಪ್ಪತ್ತು ಸಾವಿರವನ್ನು ಫಲಾನುಭವಿಯ ಪಾಲಿಗೆ ಸೇರಿಸದೆ ಸರ್ಕಾರವೇ ಕೊಡಬೇಕು. ಹಿಟ್ಟಿನ ಗಿರಣಿಯವನಿಗೆ ಯಂತ್ರದ ಅಡಿಗೆ ಹಾಳೆ ಹಾಕಿಕೊಳ್ಳಲು ಕಾಲಾವಕಾಶವೂ ಸಾಲವೂ ಸಿಗಬೇಕು. ನೋಟೀಸು ಕೊಟ್ಟು ಬಾಗಿಲು ಮುಚ್ಚಿಸಕೂಡದು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2011ರಲ್ಲಿ ಆರಂಭವಾದ ಶಬ್ದ ಅಳೆಯುವ ರಾಷ್ಟ್ರೀಯ ಜಾಲವು ಏಳು ಮಹಾನಗರಗಳ ಎಪ್ಪತ್ತು ಕೇಂದ್ರಗಳದ್ದು. ಬೆಂಗಳೂರು ಅದರಲ್ಲಿದೆ, ನಮ್ಮಂಥ ಜಿಲ್ಲಾ ಪಟ್ಟಣವಿಲ್ಲ. ನಮ್ಮ ಗದ್ದಲವನ್ನು ನಾವೇ ಎದ್ದು ಹೇಳಬೇಕು. 2000ದ ನಿಯಮದಲ್ಲೇ ಅದಕ್ಕೆ ದಾರಿಯಿದೆ. ಗೊತ್ತುಮಾಡಿದ ಮಿತಿಗಿಂತ ಹತ್ತು ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ನೇಮಕವಾದ ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಅದನ್ನು ವಿಚಾರಿಸಬೇಕು. ಮನೆ, ಅಂಗಡಿ, ಗಿರಣಿ ಕಲೆತ ಬಡಾವಣೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಗೊತ್ತುಮಾಡುವುದು ಅಧಿಕಾರಿಗಳ ಕೈಯಲ್ಲಿದೆ. ನಿಮ್ಮ ಬೀದಿಯನ್ನು ವಸತಿ ಎಂದು ಬರೆದಿದ್ದಾರೋ, ವ್ಯಾಪಾರ ಎಂದೋ, ಕೈಗಾರಿಕೆ ಎಂದೋ ನಿಮಗೆ ಗೊತ್ತೆ? 55ಕ್ಕೂ 75ಕ್ಕೂ ಇರುವ ಅಂತರ ಆ ಒಂದು ಪದದಲ್ಲಿದೆ. ಮೊದಲ ಅರ್ಜಿಯಲ್ಲಿ ಅದನ್ನೇ ಕೇಳೋಣ.

ಆ ಮನೆಸಾಲಿನವರು ಈಗಾಗಲೇ ಒಂದು ಕೆಲಸ ಮಾಡಿದ್ದಾರೆ. ಕಳೆದ ಭಾನುವಾರ ಹನ್ನೊಂದು ಮನೆಯವರು ಸೇರಿ ಗೋಡೆಯ ತಲೆಯ ಸಂದುಗಳಿಗೆ ಗಾರೆ ತುಂಬಿದರು. ಸಿಮೆಂಟು ಒಂದು ಚೀಲವೂ ಮುಗಿಯಲಿಲ್ಲ. ಗಾರೆ ಕಲಸಿ ಕೊಟ್ಟವರು ಹೊಲಿಗೆಯ ಆಯಮ್ಮ. ಏಣಿ ಹತ್ತಿ ಮೆತ್ತಿದವರು ರಾತ್ರಿ ಪಾಳಿಯ ನಮ್ಮ ಸದಸ್ಯರು. ಮಿಕ್ಸಿಯ ಸದ್ದು ಇನ್ನೂ ಬರುತ್ತದೆ, ಮಾತು ಬರುವುದಿಲ್ಲವಂತೆ. ಮೋಟಾರು ಇನ್ನೂ ಅಲ್ಲೇ ಇದೆ. ಅದನ್ನು ಸರಿಸಲು ಕಟ್ಟಿಸಿದವನೇ ಬರಬೇಕೆಂದು ಪತ್ರ ಬರೆದಾಗಿದೆ.

ಎರಡೂ ಅರ್ಜಿಗಳ ನಮೂನೆ ನಮ್ಮ ಕಚೇರಿಯಲ್ಲಿ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ. ರಾತ್ರಿ ಪಾಳಿಯವರು ಅದಕ್ಕಾಗಿ ಬೆಳಿಗ್ಗೆ ನಿದ್ದೆಗೆಟ್ಟು ಬರಬೇಡಿ. ಸಂಜೆ ಐದರಿಂದ ಎಂಟರವರೆಗೆ ನಾವು ಇರುತ್ತೇವೆ.